ಒಂದೇ ಊರಿನ ಎರಡು ನಾಡು: ವಿಕ್ಟೋರಿಯಾ ಕಾಲದ ಕಾದಂಬರಿಗಳಲ್ಲಿ ಬಡವರು, ಬಲ್ಲಿದರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿದಾಗ, ಸಾಫ್ಟ್‌ವೇರ್ ಕೆಲಸಕ್ಕೆ ಸೇರುವುದು ಹೇಗೆ ಎಂಬ ಬಗ್ಗೆ ಮಾತಾಡಿ ಅಂದಿದ್ದರು. ಆ ವಿಷಯಕ್ಕೆ ನಾಳೆ ಬೆಳಿಗ್ಗೆ ನಮ್ಮ ಬ್ಯಾಚಿನ ಇಬ್ಬರು ಗೆಳೆಯರು ಬೇರೆಯಾಗಿ ಕೂರುತ್ತಾರೆ, ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಬೇರೆ ವಿಷಯ ಕೇಳಿ ಪಡೆದುಕೊಂಡೆ. ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಇಂಗ್ಲಿಷ್ ಮಾಸ್ತರು, ವ್ಯಾಕರಣ ತಲೆಗೆ ಹತ್ತದ ಮಧ್ಯಾಹ್ನಗಳಲ್ಲಿ ಪುಸ್ತಕ ಮುಚ್ಚಿಸಿ, ಆಲಿವರ್ ಟ್ವಿಸ್ಟ್ ಎಂಬ ಅನಾಥ ಹುಡುಗನ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಗಂಜಿ ಸಾಲದೆ ಇನ್ನಷ್ಟು ಕೇಳಿದ ಹುಡುಗನ ಕಥೆ. ಆಮೇಲೆ ಬೆಂಗಳೂರಿಗೆ ಹೋದೆ, ಕಂಪನಿ ಬಸ್ಸಿನಲ್ಲಿ ದಿನಕ್ಕೆ ಮೂರು ತಾಸು ಕೂರುವ ಭಾಗ್ಯ ಬಂತು. ಆ ಮೂರು ತಾಸಿನಲ್ಲಿ ಆ ಕಾಲದ ಇಂಗ್ಲಿಷ್ ಕಾದಂಬರಿಗಳನ್ನು ಒಂದೊಂದಾಗಿ ಓದಿದೆ. ನಾನು ಓದಿದ್ದು ಬಿ.ಇ. ಇಂಗ್ಲಿಷ್ ಎಂ.ಎ. ಮಾಡಿದವರು ಸಭೆಯಲ್ಲಿದ್ದರೆ ಓದುಗನೊಬ್ಬನ ಮಾತು ಎಂದು ತಿಳಿದು ಕೇಳಬೇಕು.

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಈ ಅರವತ್ತನಾಲ್ಕು ವರ್ಷಗಳಲ್ಲಿ ಇಂಗ್ಲೆಂಡ್ ಹಳ್ಳಿಗಳ ದೇಶವಾಗಿದ್ದದ್ದು ಪಟ್ಟಣಗಳ ದೇಶವಾಯಿತು. ಮ್ಯಾಂಚೆಸ್ಟರಿನಂಥ ಊರುಗಳಲ್ಲಿ ಹತ್ತಿ ಗಿರಣಿಗಳೆದ್ದವು. ಕೆಲವರ ಕೈಗೆ ಹಿಂದೆ ರಾಜರ ಕೈಯಲ್ಲೂ ಇರದಷ್ಟು ಹಣ ಬಂತು. ಆ ಹಣ ಹುಟ್ಟಿಸಿದವರು ನೆಲಮಾಳಿಗೆಗಳಲ್ಲಿ ವಾಸ ಮಾಡುತ್ತಿದ್ದರು. 1845ರಲ್ಲಿ ಬೆಂಜಮಿನ್ ಡಿಸ್ರೇಲಿ ಎಂಬ ಪಾರ್ಲಿಮೆಂಟ್ ಸದಸ್ಯ 'ಸಿಬಿಲ್' ಎಂಬ ಕಾದಂಬರಿ ಬರೆದು, ಅದಕ್ಕೆ 'ಎರಡು ರಾಷ್ಟ್ರಗಳು' ಎಂಬ ಅಡಿಹೆಸರು ಕೊಟ್ಟ. ಒಂದು ರಾಷ್ಟ್ರ ಶ್ರೀಮಂತರದು, ಇನ್ನೊಂದು ಬಡವರದು. ಆಳುವ ರಾಣಿ ಒಬ್ಬಳೇ, ಆದರೆ ಒಬ್ಬರ ಊಟ ಇನ್ನೊಬ್ಬರಿಗೆ ತಿಳಿಯದು, ಒಬ್ಬರ ನಡೆನುಡಿ ಇನ್ನೊಬ್ಬರಿಗೆ ಗೊತ್ತಿಲ್ಲ. ಈ ಡಿಸ್ರೇಲಿಯೇ ಮುಂದೆ ಎರಡು ಸಲ ಪ್ರಧಾನಿಯಾದ. ಕಾದಂಬರಿಯಾಗಿ ಆ ಪುಸ್ತಕ ನನಗೆ ಅಷ್ಟು ಹಿಡಿಸಲಿಲ್ಲ, ಭಾಷಣದ ಗಾಳಿ ಜಾಸ್ತಿ. ಆದರೆ ಆ ಅಡಿಹೆಸರು ಕಾದಂಬರಿಗಿಂತ ಹೆಚ್ಚು ಕಾಲ ಬಾಳಿತು.

ಇಂಥ ಕಾದಂಬರಿಗಳನ್ನು ಓದುತ್ತಿದ್ದವರು ಯಾರು? ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡಾದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. ಆಗ ಹೊಸ ಕಾದಂಬರಿ ಸಾಮಾನ್ಯವಾಗಿ ಮೂರು ಸಂಪುಟಗಳಲ್ಲಿ ಬರುತ್ತಿತ್ತು, ಬೆಲೆ 31 ಶಿಲಿಂಗ್ 6 ಪೆನ್ಸ್. ಚಾರ್ಲ್ಸ್ ಡಿಕನ್ಸ್ ಹನ್ನೆರಡು ವರ್ಷದವನಿದ್ದಾಗ ಬೂಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕಿದ್ದ, ವಾರಕ್ಕೆ ಆರು ಶಿಲಿಂಗ್ ಕೂಲಿ. ಅಂದರೆ ಒಂದು ಕಾದಂಬರಿ ಕೊಳ್ಳಲು ಆ ಹುಡುಗ ಹೊಟ್ಟೆಗೆ ಏನೂ ತಿನ್ನದೆ ಐದು ವಾರಕ್ಕೂ ಹೆಚ್ಚು ದುಡಿಯಬೇಕಿತ್ತು. ಮ್ಯೂಡಿಯ ಲೈಬ್ರರಿಯಲ್ಲಿ ಬಾಡಿಗೆಗೆ ತರೋಣವೆಂದರೆ ವರ್ಷದ ಚಂದಾ 21 ಶಿಲಿಂಗ್. ಡಿಕನ್ಸ್ ದೊಡ್ಡವನಾದ ಮೇಲೆ ತನ್ನ ಕಾದಂಬರಿಗಳನ್ನು ತಿಂಗಳಿಗೆ ಒಂದು ಶಿಲಿಂಗಿನ ಕಂತುಗಳಲ್ಲಿ, ಆಮೇಲೆ ಎರಡು ಪೆನ್ಸಿನ ವಾರಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಓದಲು ಬಾರದವರು ಓದು ಬಲ್ಲವರ ಸುತ್ತ ಕೂತು ಕೇಳಿದರು. ಆದರೂ ಒಟ್ಟಿನಲ್ಲಿ ಇವು ಹೊಟ್ಟೆ ತುಂಬಿದವರು, ಹೊಟ್ಟೆ ತುಂಬಿದವರಿಗಾಗಿ, ಹಸಿದವರ ಬಗ್ಗೆ ಬರೆದ ಪುಸ್ತಕಗಳು. ಇದನ್ನು ಮರೆತು ಓದಿದರೆ ಅವುಗಳ ಗುಣವೂ ತಿಳಿಯುವುದಿಲ್ಲ, ದೋಷವೂ ತಿಳಿಯುವುದಿಲ್ಲ.

ಈಗ ಆಲಿವರ್ ಗಂಜಿ ಕೇಳಿದ ಆ ಜಾಗಕ್ಕೆ ಬರೋಣ. 1834ರಲ್ಲಿ ಇಂಗ್ಲೆಂಡಿನಲ್ಲಿ ಬಡವರ ಕಾಯಿದೆಗೆ ಹೊಸ ರೂಪ ಕೊಟ್ಟರು. ಗಟ್ಟಿಮುಟ್ಟಾದ ಬಡವನಿಗೆ ಮನೆ ಬಾಗಿಲಿಗೆ ನೆರವಿಲ್ಲ, ಬೇಕಾದರೆ ವರ್ಕ್‌ಹೌಸಿಗೆ ಬಂದು ಸೇರಲಿ ಎಂಬುದು ಅದರ ತಿರುಳು. ಒಳಗೆ ಬಂದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಮೈಮೇಲಿನ ಬಟ್ಟೆ ಬಿಚ್ಚಿಸಿ ಅಲ್ಲಿನ ಸಮವಸ್ತ್ರ ತೊಡಿಸುತ್ತಿದ್ದರು. ಹೊರಗಿನ ಅತ್ಯಂತ ಬಡ ಕೂಲಿಯವನ ಬಾಳಿಗಿಂತ ಒಳಗಿನ ಬಾಳು ಕೀಳಾಗಿರಬೇಕು, ಇಲ್ಲದಿದ್ದರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಬರೆದಿಟ್ಟ ತತ್ತ್ವ. ಅದು ಆಡಳಿತದ ಯಾವುದೋ ಲೋಪವಲ್ಲ, ಯೋಜನೆಯೇ ಹಾಗಿತ್ತು. ಮೂರು ವರ್ಷಕ್ಕೆ, 1837ರಲ್ಲಿ, ಇಪ್ಪತ್ತೈದು ವಯಸ್ಸಿನ ಡಿಕನ್ಸ್ 'ಆಲಿವರ್ ಟ್ವಿಸ್ಟ್' ಶುರುಮಾಡಿದ. ಹಸಿದ ಹುಡುಗರು ಚೀಟಿ ಎತ್ತುತ್ತಾರೆ, ಚೀಟಿ ಆಲಿವರನಿಗೆ ಬೀಳುತ್ತದೆ, ಅವನು ಬಟ್ಟಲು ಹಿಡಿದು ಹೋಗಿ ಇನ್ನೂ ಸ್ವಲ್ಪ ಬೇಕು ಎನ್ನುತ್ತಾನೆ. ಸುದ್ದಿ ಆಡಳಿತ ಮಂಡಳಿಗೆ ಹೋಗುತ್ತದೆ. ಈ ಹುಡುಗ ಮುಂದೆ ನೇಣಿಗೇರುವುದು ಖಂಡಿತ ಎಂದು ಬಿಳಿ ವೇಸ್ಟ್‌ಕೋಟಿನ ಒಬ್ಬ ಮಹಾಶಯ ಭವಿಷ್ಯ ನುಡಿಯುತ್ತಾನೆ. ಮರುದಿನ ಬೆಳಿಗ್ಗೆ ಗೇಟಿನ ಹೊರಗೆ ಪ್ರಕಟಣೆ: ಈ ಹುಡುಗನನ್ನು ಕರೆದುಕೊಂಡು ಹೋಗುವವರಿಗೆ ಐದು ಪೌಂಡ್ ಇನಾಮು. ಒಂದು ಸೌಟು ಗಂಜಿ ಉಳಿಸಲು ಐದು ಪೌಂಡ್! ಮಾಸ್ತರು ಈ ಐದು ಪೌಂಡಿನ ಮಾತನ್ನು ನಮಗೆ ಹೇಳಿರಲಿಲ್ಲ. ಪುಸ್ತಕದಲ್ಲಿ ಸಿಕ್ಕಾಗ ಬಸ್ಸಿನಲ್ಲೇ ಜೋರಾಗಿ ನಕ್ಕುಬಿಟ್ಟೆ.

ಆದರೆ ಒಂದು ಸಂಗತಿ ಆಗಲೇ ಕಣ್ಣಿಗೆ ಚುಚ್ಚಿತು. ಆಲಿವರ್ ಹುಟ್ಟಿದ್ದು, ಬೆಳೆದದ್ದು ಎಲ್ಲ ವರ್ಕ್‌ಹೌಸಿನ ಆಶ್ರಯದಲ್ಲೇ. ಆದರೂ ಅವನು ಮಾತಾಡುವುದು ಅಚ್ಚುಕಟ್ಟಾದ ದೊಡ್ಡಮನೆಯ ಇಂಗ್ಲಿಷ್. ಸುತ್ತಲಿನ ಕಳ್ಳರ ಹುಡುಗರು ಬೀದಿಯ ಮಾತಾಡುತ್ತಾರೆ, ಅವನ ನಾಲಗೆಗೆ ಮಾತ್ರ ಬೀದಿ ಅಂಟುವುದಿಲ್ಲ. ಕೊನೆಗೆ ಅವನು ದೊಡ್ಡ ಮನುಷ್ಯನ ಮಗನೆಂದು ತಿಳಿಯುತ್ತದೆ, ಆಸ್ತಿಯ ಪಾಲೂ ಸಿಗುತ್ತದೆ. ಡಿಸ್ರೇಲಿಯ ಸಿಬಿಲ್ ಕೂಡ ಅಷ್ಟೇ. ಬಡವರ ಮಗಳು ಎಂದು ನಾಯಕ ಪ್ರೀತಿಸಿದವಳು ಕೊನೆಗೆ ಜಹಗೀರಿನ ವಾರಸುದಾರಳಾಗಿ ಹೊರಡುತ್ತಾಳೆ. ಎರಡು ರಾಷ್ಟ್ರಗಳ ಮದುವೆ ಎಂದು ನಾವು ಕಾದು ಕೂತರೆ, ಶ್ರೀಮಂತರ ರಾಷ್ಟ್ರದೊಳಗೇ ಸಂಬಂಧ ಕುದುರುತ್ತದೆ! ನಮ್ಮ ಹಳೆಯ ನಾಟಕಗಳಲ್ಲಿ ಕೊನೆಯ ಅಂಕದಲ್ಲಿ ಮಚ್ಚೆ ನೋಡಿ ರಾಜಕುಮಾರನನ್ನು ಗುರುತಿಸುವಂತೆ.

ಈ ಜಾಣತನಕ್ಕೆ ಹೋಗದೆ ನೇರವಾಗಿ ಬರೆದವರು ಎಲಿಜಬೆತ್ ಗ್ಯಾಸ್ಕೆಲ್. ಮ್ಯಾಂಚೆಸ್ಟರಿನಲ್ಲಿ ಒಬ್ಬ ಪಾದ್ರಿಯ ಹೆಂಡತಿ. ಗಂಡನ ಜೊತೆ ಬಡವರ ಮನೆಗಳಿಗೆ ಹೋಗಿ ಬಂದವರು. 1845ರಲ್ಲಿ ಅವರ ಪುಟ್ಟ ಮಗ ಜ್ವರದಿಂದ ತೀರಿಕೊಂಡ. ಆ ದುಃಖದಿಂದ ಮನಸ್ಸು ತಿರುಗಿಸಲು ಬರೆಯಲು ಕೂತರು. 1848ರಲ್ಲಿ ಲೇಖಕಿಯ ಹೆಸರಿಲ್ಲದೆ 'ಮೇರಿ ಬಾರ್ಟನ್' ಹೊರಬಂತು. ಗಿರಣಿ ಮಾಲೀಕರಿಗೆ ಸಿಟ್ಟು ಬಂತು. ಅವರಲ್ಲಿ ಕೆಲವರು ಗ್ಯಾಸ್ಕೆಲ್ ಅವರ ಗಂಡ ಪ್ರಾರ್ಥನೆ ನಡೆಸುತ್ತಿದ್ದ ಚರ್ಚಿಗೇ ಬರುವವರು. ಆ ಊರಲ್ಲೇ ಇದ್ದುಕೊಂಡು ಹಾಗೆ ಬರೆಯಲು ಎಷ್ಟು ಎದೆಗಾರಿಕೆ ಬೇಕು, ನೀವೇ ಯೋಚಿಸಿ.

ಜಾನ್ ಬಾರ್ಟನ್ ಒಬ್ಬ ನೇಕಾರ. ಅವನ ಚಿಕ್ಕ ಮಗನಿಗೆ ಕಾಯಿಲೆ. ಒಳ್ಳೆಯ ಆಹಾರ ಕೊಟ್ಟರೆ ಉಳಿಯುತ್ತಾನೆ ಎಂದು ವೈದ್ಯರು ಹೇಳಿದ್ದಾರೆ. ಆದರೆ ಗಿರಣಿ ಮುಚ್ಚಿದೆ, ಕೆಲಸವಿಲ್ಲ, ಅಂಗಡಿಯಲ್ಲಿ ಉದ್ರಿ ಇಲ್ಲ. ಹಸಿದ ಹೊಟ್ಟೆಯಲ್ಲಿ ಅವನು ತಿನಿಸಿನ ಅಂಗಡಿಯೊಂದರ ಗಾಜಿನ ಮುಂದೆ ನಿಂತಿದ್ದಾನೆ. ಒಳಗೆ ಮಾಂಸ, ಗಿಣ್ಣು, ಬಗೆಬಗೆಯ ತಿಂಡಿ. ಆಗ ಒಳಗಿನಿಂದ ಹೊರಗೆ ಬರುವವಳು ಅವನಿಗೆ ಕೆಲಸ ತಪ್ಪಿಸಿದ ಅದೇ ಮಾಲೀಕನ ಹೆಂಡತಿ. ಹಿಂದೆ ಅಂಗಡಿಯಾಳು ಔತಣಕ್ಕೆ ಕೊಂಡ ಸಾಮಾನು ಹೊತ್ತು ಬಂದು ಸಾರೋಟಿನಲ್ಲಿ ಇಡುತ್ತಾನೆ. ಅವಳು ಹೊರಟುಹೋಗುತ್ತಾಳೆ. ಜಾನ್ ಮನೆಗೆ ಬಂದರೆ ಮಗ ಹೋಗಿದ್ದಾನೆ. ಅವಳು ಕೆಟ್ಟವಳೆಂದು ಲೇಖಕಿ ಒಂದು ಮಾತೂ ಹೇಳುವುದಿಲ್ಲ. ಅವಳು ಜಾನ್ ಬಾರ್ಟನನನ್ನು ನೋಡಲೇ ಇಲ್ಲ, ಅಷ್ಟೆ.

ನನಗೆ ಇದಕ್ಕಿಂತಲೂ ನಾಟಿದ್ದು ಇನ್ನೊಂದು ಪ್ರಸಂಗ. ಡೆವನ್‌ಪೋರ್ಟ್ ಎಂಬ ಕೂಲಿಯವನು ಒದ್ದೆ ನೆಲಮಾಳಿಗೆಯಲ್ಲಿ ವಿಷಮಜ್ವರದಿಂದ ಮಲಗಿದ್ದಾನೆ. ಅವನನ್ನು ಆಸ್ಪತ್ರೆಗೆ ಸೇರಿಸಬೇಕಾದರೆ ಚಂದಾ ಕೊಡುವ ದೊಡ್ಡವರೊಬ್ಬರ ಚೀಟಿ ಬೇಕು. ಗೆಳೆಯ ವಿಲ್ಸನ್ ಮಾಲೀಕ ಕಾರ್ಸನ್ನರ ಬಂಗಲೆಗೆ ಹೋಗುತ್ತಾನೆ. ಅಡುಗೆಮನೆಯಲ್ಲಿ ಕಾಯಲು ಹೇಳುತ್ತಾರೆ. ಒಲೆಯ ಮೇಲೆ ಮಾಂಸ ಬೇಯುತ್ತಿದೆ, ಕಾಫಿ ಕುದಿಯುತ್ತಿದೆ. ಅವನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಆಳುಗಳು ಒಳ್ಳೆಯವರೇ, ಕೇಳಿದ್ದರೆ ಕೊಡುತ್ತಿದ್ದರು, ಆದರೆ ಅವನಿಗೆ ಹಸಿವಾಗಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಮಾಲೀಕರು ಮಗನೊಂದಿಗೆ ತಿಂಡಿ ತಿನ್ನುತ್ತ ಪತ್ರಿಕೆ ಓದುತ್ತಿದ್ದಾರೆ. ಡೆವನ್‌ಪೋರ್ಟ್ ಯಾರು ಎಂದು ಕೇಳುತ್ತಾರೆ. ಆತ ವರ್ಷಗಟ್ಟಲೆ ಅವರ ಗಿರಣಿಯಲ್ಲೇ ದುಡಿದವನು. ಆಳುಗಳ ಹೆಸರು ನೆನಪಿಡುವುದು ಮೇಸ್ತ್ರಿಯ ಕೆಲಸ, ತನ್ನದಲ್ಲ ಎನ್ನುತ್ತಾರೆ. ಕೊನೆಗೆ ಒಳರೋಗಿಯ ಚೀಟಿ ಕೊಡದೆ ಹೊರರೋಗಿಯ ಚೀಟಿ ಕೊಡುತ್ತಾರೆ, ಸೋಮವಾರ ಬಂದು ತೋರಿಸಲಿ ಎಂಬ ಹಾಗೆ. ಮಗ ಹೊರಗೆ ಹೋಗುವಾಗ ಜೇಬಿಗೆ ಕೈಹಾಕಿ ಐದು ಶಿಲಿಂಗ್ ಕೊಟ್ಟು ಹೋಗುತ್ತಾನೆ. ಡೆವನ್‌ಪೋರ್ಟ್ ಸೋಮವಾರದವರೆಗೆ ಉಳಿಯುವುದಿಲ್ಲ.

ಇಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ. ಹೆಸರು ಗೊತ್ತಿರಲಿಲ್ಲ, ಅಷ್ಟರಿಂದಲೇ ಒಂದು ಜೀವ ಹೋಯಿತು. ವರ್ಗ ಎಂಬ ಪದವನ್ನು ನಾನು ಅನೇಕ ಪುಸ್ತಕಗಳಲ್ಲಿ ಓದಿದ್ದೇನೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದದ್ದು ಈ ಅಡುಗೆಮನೆಯ ಮೂರು ಪುಟಗಳಿಂದ. ಅದೇ ಮ್ಯಾಂಚೆಸ್ಟರಿನಲ್ಲಿ ಅದೇ ಕಾಲಕ್ಕೆ ತನ್ನ ತಂದೆ ಪಾಲುದಾರರಾಗಿದ್ದ ಹತ್ತಿ ಕಂಪನಿಯಲ್ಲಿ ಕೆಲಸ ಕಲಿಯಲು ಬಂದಿದ್ದ ಫ್ರೆಡ್ರಿಕ್ ಎಂಗೆಲ್ಸ್ ಎಂಬ ಜರ್ಮನ್ ತರುಣ 1845ರಲ್ಲಿ ಪುಸ್ತಕ ಬರೆದು ಇನ್ನೊಂದು ಸಂಗತಿ ತೋರಿಸಿದ. ಆ ಊರಿನ ದೊಡ್ಡ ರಸ್ತೆಗಳ ಎರಡೂ ಬದಿಗೆ ಅಂಗಡಿ ಸಾಲು. ಮಾಲೀಕ ತನ್ನ ಬಂಗಲೆಯಿಂದ ಪೇಟೆಗೆ ದಿನಾ ಹೋಗಿ ಬಂದರೂ ಆ ಸಾಲಿನ ಹಿಂದಿನ ಕೇರಿಗಳು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಯಾರೂ ಕೂತು ಹಾಗೆ ನಕ್ಷೆ ಬರೆದಿರಲಿಲ್ಲ, ಆದರೂ ಊರು ಹಾಗೆ ಬೆಳೆದಿತ್ತು.

'ಮೇರಿ ಬಾರ್ಟನ್' ಎರಡನೆಯ ಅರ್ಧದಲ್ಲಿ ದಾರಿ ಬದಲಿಸುತ್ತದೆ. ಮುಷ್ಕರ ಹೂಡಿದ ಕೂಲಿಗಳ ನಿಯೋಗ ಮಾಲೀಕರ ಮುಂದೆ ನಿಂತಿರುವಾಗ ಐದು ಶಿಲಿಂಗ್ ಕೊಟ್ಟ ಅದೇ ಮಗ ಅವರ ಹರಿದ ಬಟ್ಟೆಯ ವ್ಯಂಗ್ಯಚಿತ್ರ ಬಿಡಿಸಿ ಬಿಸಾಡುತ್ತಾನೆ. ಅದು ಕೂಲಿಗಳ ಕೈಗೆ ಸಿಗುತ್ತದೆ. ಅದೇ ಕಾಗದವನ್ನು ಹರಿದು ಚೀಟಿ ಮಾಡಿ, ಅವನನ್ನು ಕೊಲ್ಲುವವರು ಯಾರೆಂದು ಎತ್ತುತ್ತಾರೆ. ಆಲಿವರನ ಚೀಟಿ ನೆನಪಿಸಿಕೊಳ್ಳಿ. ಇಲ್ಲಿ ಚೀಟಿ ಜಾನ್ ಬಾರ್ಟನನಿಗೆ ಬೀಳುತ್ತದೆ. ಕೊಲೆಯಾದ ಮೇಲೆ ಕಥೆ ಮಗಳು ಮೇರಿಯ ಪ್ರೇಮದ ಕಡೆ, ಕೋರ್ಟಿನ ಕಡೆ ಓಡುತ್ತದೆ. ಕೊನೆಗೆ ಕೊಂದವನು ಮಗನನ್ನು ಕಳೆದುಕೊಂಡ ಮಾಲೀಕನ ತೋಳಿನಲ್ಲೇ ಪ್ರಾಣ ಬಿಡುತ್ತಾನೆ. ಮೇರಿ ಗಂಡನ ಜೊತೆ ಕೆನಡಾಕ್ಕೆ ಹಡಗು ಹತ್ತುತ್ತಾಳೆ. ಗ್ಯಾಸ್ಕೆಲ್ ಮೊದಲು ಇಟ್ಟುಕೊಂಡಿದ್ದ ಹೆಸರು 'ಜಾನ್ ಬಾರ್ಟನ್'. ಕೊಲೆಗಾರನ ಹೆಸರು ಪ್ರಕಾಶಕರಿಗೆ ಒಗ್ಗಲಿಲ್ಲ. ಆ ಕಾಲದ ಬರಹಗಾರರು ರೋಗವನ್ನು ನೋಡಿದಷ್ಟು ಸ್ಪಷ್ಟವಾಗಿ ಔಷಧವನ್ನು ನೋಡಲಿಲ್ಲ ಎಂದು ನನಗನ್ನಿಸುತ್ತದೆ. ಕೂಲಿಗಳು ತಾವೇ ಒಂದಾಗುವುದನ್ನು ಕಂಡರೆ ಅವರಿಗೆ ಭಯ. ಒಬ್ಬೊಬ್ಬ ಬಡವನ ಮೇಲೆ ಅಪಾರ ಕರುಣೆ, ಹತ್ತು ಮಂದಿ ಸೇರಿದರೆ ಅಪನಂಬಿಕೆ. ಡಿಕನ್ಸನ 'ಹಾರ್ಡ್ ಟೈಮ್ಸ್'ನಲ್ಲಿ ಇದು ಎದ್ದು ಕಾಣುತ್ತದೆ. 1854ರ ಜನವರಿಯಲ್ಲಿ ಅವನು ಪ್ರೆಸ್ಟನ್ ಊರಿಗೆ ಹೋಗಿ ಮುಷ್ಕರ ನೋಡಿ ಬಂದ. ಕೂಲಿಗಳು ಶಾಂತವಾಗಿ, ಶಿಸ್ತಿನಿಂದ ಇದ್ದಾರೆ ಎಂದು ಪತ್ರಿಕೆಯಲ್ಲಿ ಬರೆದ. ಆದರೆ ಕೆಲವೇ ತಿಂಗಳಿಗೆ ಬಂದ ಕಾದಂಬರಿಯಲ್ಲಿ ಸಂಘದ ನಾಯಕನನ್ನು ಬಾಯಿಬಡುಕನನ್ನಾಗಿ ಮಾಡಿದ. ವರದಿಗಾರ ಡಿಕನ್ಸ್ ನೋಡಿದ್ದನ್ನು ಕಾದಂಬರಿಕಾರ ಡಿಕನ್ಸ್ ನಂಬಲಿಲ್ಲ.

'ಹಾರ್ಡ್ ಟೈಮ್ಸ್'ನಲ್ಲಿ ನನಗೆ ಇಷ್ಟವಾದವನು ಬೌಂಡರ್‌ಬಿ ಎಂಬ ಗಿರಣಿ ಮಾಲೀಕ, ಅಂದರೆ ಬೈಯಲು ಇಷ್ಟವಾದವನು. ತಾನು ಚರಂಡಿಯಲ್ಲಿ ಹುಟ್ಟಿದೆ, ತಾಯಿ ಬಿಟ್ಟುಹೋದಳು, ಯಾರ ಸಹಾಯವೂ ಇಲ್ಲದೆ ಮೇಲೆ ಬಂದೆ, ನನಗೆ ಸಾಧ್ಯವಾದದ್ದು ಈ ಕೂಲಿಗಳಿಗೇಕೆ ಸಾಧ್ಯವಿಲ್ಲ ಎಂದು ಊರಿಗೆಲ್ಲ ಸಾರುತ್ತಾನೆ. ಕೊನೆಗೆ ಒಂದು ದಿನ ಅವನ ಮನೆಗೆ ಒಬ್ಬ ಮುದುಕಿ ಬರುತ್ತಾಳೆ. ಅವಳೇ ತಾಯಿ. ಗಂಡ ಸತ್ತ ಮೇಲೆ ಸಣ್ಣ ಅಂಗಡಿ ಇಟ್ಟು, ಹೊಟ್ಟೆ ಬಟ್ಟೆ ಕಟ್ಟಿ, ಅವನನ್ನು ಓದಿಸಿ ಕೆಲಸಕ್ಕೆ ಹಚ್ಚಿದವಳು. ವರ್ಷಕ್ಕೆ ಮೂವತ್ತು ಪೌಂಡ್ ಕೊಟ್ಟು, ಈ ಊರ ಕಡೆ ಬರಬೇಡ ಎಂದು ದೂರ ಇಟ್ಟಿದ್ದಾನೆ. ತಾಯಿಯನ್ನು ಅಳಿಸಿ ಹಾಕದಿದ್ದರೆ ಸ್ವಂತ ಕಾಲ ಮೇಲೆ ನಿಂತ ಕಥೆ ನಿಲ್ಲುವುದಿಲ್ಲ. ನಮ್ಮ ಉದ್ಯೋಗದಲ್ಲೂ ಈ ಕಥೆ ಹೇಳುವವರು ಬೇಕಾದಷ್ಟಿದ್ದಾರೆ. ಕೇಳುವಾಗೆಲ್ಲ ನಾನು ಮನಸ್ಸಿನಲ್ಲೇ ಆ ಮುದುಕಿಯನ್ನು ಹುಡುಕುತ್ತೇನೆ. ಒಬ್ಬ ತಾಯಿ, ಒಬ್ಬ ಮಾಸ್ತರು, ಒಂದು ಸರ್ಕಾರಿ ಶಾಲೆ, ಒಂದು ಉಚಿತ ಹಾಸ್ಟೆಲ್ಲು ಎಲ್ಲೋ ಇರಲೇಬೇಕು.

ಗ್ಯಾಸ್ಕೆಲ್ ಅವರ 'ನಾರ್ತ್ ಅಂಡ್ ಸೌತ್' 1854–55ರಲ್ಲಿ ಬಂತು. ಅದರಲ್ಲಿ ಬೆಸ್ಸಿ ಎಂಬ ಹುಡುಗಿ ಇದ್ದಾಳೆ. ವಯಸ್ಸು ಹತ್ತೊಂಬತ್ತು. ಹತ್ತಿ ಹಿಂಜುವ ಕೋಣೆಯಲ್ಲಿ ಕೆಲಸ ಮಾಡಿ ಅರಳೆಯ ಧೂಳು ಎದೆಯಲ್ಲಿ ತುಂಬಿ ಸಾಯುತ್ತಿದ್ದಾಳೆ. ನಮ್ಮೂರಿನ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡಿದವರಿಗೆ ಆ ಧೂಳು ಏನೆಂದು ವಿವರಿಸಬೇಕಾಗಿಲ್ಲ. ಆ ಧೂಳನ್ನು ಹೊರಗೆಳೆಯುವ ದೊಡ್ಡ ಫ್ಯಾನು ಇದೆ, ಆದರೆ ಅದಕ್ಕೆ ಐದಾರು ನೂರು ಪೌಂಡ್ ಬೀಳುತ್ತದೆ, ಲಾಭವೇನೂ ಬರುವುದಿಲ್ಲ, ಅದಕ್ಕೇ ಬಹಳ ಮಾಲೀಕರು ಹಾಕಿಸುವುದಿಲ್ಲ ಎಂದು ಬೆಸ್ಸಿ ಹೇಳುತ್ತಾಳೆ. ಇನ್ನೂ ಒಂದು ಮಾತು ಸೇರಿಸುತ್ತಾಳೆ. ಕೆಲವು ಕೂಲಿಗಳಿಗೂ ಫ್ಯಾನು ಬೇಡವಂತೆ. ಧೂಳು ನುಂಗಿ ನುಂಗಿ ಹಸಿವು ಅಡಗುತ್ತಿತ್ತು, ಗಾಳಿ ಶುದ್ಧವಾದರೆ ಹಸಿವು ಹೆಚ್ಚುತ್ತದೆ, ಆ ಹೆಚ್ಚಿನ ಹಸಿವಿಗೆ ಕೂಲಿ ಹೆಚ್ಚಾಗುವುದಿಲ್ಲವಲ್ಲ. ಇಂಥ ಮಾತು ಊಹಿಸಿ ಬರೆಯಲು ಆಗುವುದಿಲ್ಲ, ಅಂಥ ಮನೆಗಳಲ್ಲಿ ಕೂತು ಕೇಳಿದವರೇ ಬರೆಯಬೇಕು.

ಇದೇ ಪುಸ್ತಕದಲ್ಲಿ ಮಾಲೀಕ ಥಾರ್ನ್‌ಟನ್ ಕೂಲಿಗಳಿಗಾಗಿ ಊಟದ ಕೋಣೆ ಮಾಡಿಸಿ, ಅವರು ಕರೆದಾಗ ಹೋಗಿ ಅವರ ಜೊತೆ ಉಣ್ಣುತ್ತಾನೆ. ಎರಡು ರಾಷ್ಟ್ರಗಳು ಒಂದೇ ಮೇಜಿಗೆ ಬರುವುದು ಈ ಕಾದಂಬರಿಗಳಲ್ಲಿ ಅಪರೂಪ, ಅದಕ್ಕೇ ಆ ಪುಟ ಚೆನ್ನಾಗಿದೆ. ಆಮೇಲೆ ಅವನು ದಿವಾಳಿಯಾಗುತ್ತಾನೆ, ನಾಯಕಿ ಮಾರ್ಗರೆಟಳಿಗೆ ಬಂದ ಆಸ್ತಿಯಿಂದ ಚೇತರಿಸಿಕೊಳ್ಳುತ್ತಾನೆ. ಮತ್ತೆ ಆಸ್ತಿಯೇ ಕಾಪಾಡಬೇಕಾಯಿತು!

ಹತ್ತಿಯ ಮಾತು ಬಂದದ್ದರಿಂದ ಎರೆಹೊಲದವನಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಹೆಚ್ಚಿನ ಪಾಲು ಅಮೆರಿಕದ ದಕ್ಷಿಣದ ರಾಜ್ಯಗಳದ್ದು, ಅಲ್ಲಿ ಬೆಳೆದು ಬಿಡಿಸುತ್ತಿದ್ದವರು ಗುಲಾಮರು. ಈ ಎರಡು ಮ್ಯಾಂಚೆಸ್ಟರ್ ಕಾದಂಬರಿಗಳಲ್ಲಿ ಆ ಹೊಲದ ಜನ ಎಲ್ಲೂ ಮುಖ ತೋರಿಸುವುದಿಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಿತು, ಲಂಕಾಶೈರಿನ ಕೂಲಿಗಳ ಮನೆಯ ಒಲೆ ಆರಿತು. ಆಗ ಮ್ಯಾಂಚೆಸ್ಟರಿನವರ ಕಣ್ಣು ಬಿದ್ದದ್ದು ಭಾರತದ ಕಡೆ, ಅದರಲ್ಲೂ ನಮ್ಮ ಧಾರವಾಡ ಸೀಮೆಯ ಕಡೆ. ಅಮೆರಿಕದ ತಳಿಯ ಬೀಜವನ್ನು 1840ರ ದಶಕದಲ್ಲೇ ಇಲ್ಲಿ ಬಿತ್ತಿಸಿದ್ದರು, ಅದಕ್ಕೆ ಧಾರವಾಡ-ಅಮೆರಿಕನ್ ಎಂದೇ ಹೆಸರು ಬಿದ್ದಿತ್ತು. ಈ ಹತ್ತಿ ಸಾಗಿಸಲು ಕಾರವಾರವನ್ನು ಬಂದರಾಗಿ ಬೆಳೆಸಬೇಕೆಂದು ಅಲ್ಲಿಯವರು ಪಟ್ಟು ಹಿಡಿದರು. ಬೆಸ್ಸಿಯಂಥವರು ಉಸಿರಾಡಿದ ಧೂಳಿನಲ್ಲಿ ನಮ್ಮ ಹೊಲದ್ದೂ ಒಂದಿಷ್ಟು ಇದ್ದಿರಬೇಕು. ಡಿಸ್ರೇಲಿ ಎಣಿಸಿದ್ದು ಎರಡು ರಾಷ್ಟ್ರ. ಹತ್ತಿ ಬಿಡಿಸಿದವರನ್ನೂ ಎಣಿಸಿದ್ದರೆ ಲೆಕ್ಕ ಎರಡಕ್ಕೆ ನಿಲ್ಲುತ್ತಿರಲಿಲ್ಲ.

ಇಷ್ಟು ಹೊತ್ತು ಹೇಳಿದ್ದು ಹೊರಗಿನ ಗೋಡೆಯ ಮಾತು: ಕೂಲಿ, ಗಂಜಿ, ಆಸ್ಪತ್ರೆ ಚೀಟಿ. ಇದನ್ನು ಕಾನೂನಿನಿಂದ ಸ್ವಲ್ಪ ಸ್ವಲ್ಪ ಕೆಡವಬಹುದು, ಅವರು ಕೆಡವಿದರು ಕೂಡ. 1847ರಲ್ಲಿ ಜವಳಿ ಗಿರಣಿಯ ಹೆಂಗಸರು ಮಕ್ಕಳಿಗೆ ದಿನಕ್ಕೆ ಹತ್ತು ತಾಸಿನ ಕಾಯಿದೆ ಬಂತು, 1870ರಲ್ಲಿ ಪ್ರಾಥಮಿಕ ಶಾಲೆಗಳ ಕಾಯಿದೆ ಬಂತು. ಆದರೆ ಗೋಡೆ ಮನುಷ್ಯನ ಒಳಗೂ ಏಳುತ್ತದೆ. ಅದನ್ನು ಕಂಡ ಪುಸ್ತಕ ಡಿಕನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್'. 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ವಾರವಾರ ಬಂತು. ಅದರಲ್ಲಿ ಗಿರಣಿಯೂ ಇಲ್ಲ, ಮುಷ್ಕರವೂ ಇಲ್ಲ. ಆದರೂ ಬಡವ-ಬಲ್ಲಿದರ ಬಗ್ಗೆ ಆ ಕಾಲದಲ್ಲಿ ಬಂದವುಗಳಲ್ಲಿ ಇದೇ ದೊಡ್ಡ ಕಾದಂಬರಿ ಎಂದು ನನ್ನ ಅಭಿಪ್ರಾಯ. ಮುಂದೆ ಕೂತ ಮಕ್ಕಳು ಇಲ್ಲಿ ಸ್ವಲ್ಪ ಕಿವಿಗೊಡಬೇಕು, ಇದು ನಿಮ್ಮ ವಯಸ್ಸಿನವನ ಕಥೆ.

ಪಿಪ್ ಒಬ್ಬ ಅನಾಥ. ಅಕ್ಕ ಸಾಕಿದ್ದಾಳೆ. ಅಕ್ಕನ ಗಂಡ ಜೋ, ಊರಿನ ಕಮ್ಮಾರ, ಓದು ಬಾರದ ಬಂಗಾರದಂಥ ಮನುಷ್ಯ. ಪಿಪ್ ಸ್ಲೇಟಿನ ಮೇಲೆ ತಪ್ಪುತಪ್ಪಾಗಿ ಅವನಿಗೊಂದು ಕಾಗದ ಬರೆದಾಗ, ಜೋ ಅದರಲ್ಲಿ ತನ್ನ ಹೆಸರಿನ ಎರಡು ಅಕ್ಷರ ಮಾತ್ರ ಗುರುತಿಸಿ ಅಷ್ಟಕ್ಕೇ ಹಿಗ್ಗುತ್ತಾನೆ. ಕಮ್ಮಾರಸಾಲೆಯೇ ಪಿಪ್‌ನ ಪ್ರಪಂಚ, ದೊಡ್ಡವನಾಗಿ ಜೋನಂತೆ ಕಮ್ಮಾರನಾಗಬೇಕು. ಹೀಗಿರುವಾಗ ಒಂದು ದಿನ ಅವನನ್ನು ದೊಡ್ಡಮನೆಯೊಂದಕ್ಕೆ ಆಡಲು ಕರೆಸುತ್ತಾರೆ. ಅಲ್ಲಿ ಎಸ್ಟೆಲಾ ಎಂಬ ಚೆಂದದ ಹುಡುಗಿಯ ಜೊತೆ ಇಸ್ಪೀಟು. ಗುಲಾಮನ ಎಲೆಗೆ ದೊಡ್ಡವರು 'ನೇವ್' ಎನ್ನುತ್ತಿದ್ದರು, ಹಳ್ಳಿಯವರು 'ಜ್ಯಾಕ್' ಎನ್ನುತ್ತಿದ್ದರು. ಪಿಪ್ ಜ್ಯಾಕ್ ಎಂದ. ಎಸ್ಟೆಲಾ ಹಂಗಿಸಿದಳು. ಅವನ ಒರಟು ಕೈ, ದಪ್ಪ ಬೂಟು ನೋಡಿಯೂ ಹಂಗಿಸಿದಳು. ಅದುವರೆಗೆ ತನ್ನ ಕೈ ಒರಟು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅಂಗಳಕ್ಕೆ ಬಂದು ಗೋಡೆಗೆ ಒರಗಿ ಅತ್ತ. ಇವತ್ತು ಇಂಗ್ಲಿಷಿನವರೆಲ್ಲ ಜ್ಯಾಕ್ ಎಂದೇ ಅನ್ನುತ್ತಾರೆ, ನೇವ್ ಅನ್ನುವವರು ವಿರಳ. ಆ ಹುಡುಗ ಅತ್ತದ್ದು ಎಂಥ ಪದಕ್ಕಾಗಿ ನೋಡಿ.

ಅವತ್ತು ಅವನಿಗೆ ತನ್ನ ಬೂಟಿನ ಬಗ್ಗೆ ನಾಚಿಕೆ ಬಂತು. ಅದು ದೊಡ್ಡದಲ್ಲ. ಅವನ ಮನಸ್ಸು ಇನ್ನೊಂದು ಹೆಜ್ಜೆ ಹೋಯಿತು. ಜೋ ನನಗೆ ಸರಿಯಾಗಿ ಕಲಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂದುಕೊಂಡ. ಅಲ್ಲಿಂದ ಜೋ ಅವನಿಗೆ ನಾಚಿಕೆಯ ವಸ್ತುವಾದ. ಯಾರೋ ಅಜ್ಞಾತ ಉಪಕಾರಿಯ ಹಣದಿಂದ ಪಿಪ್ ಲಂಡನ್ನಿಗೆ ಹೋಗಿ ಜಂಟಲ್‌ಮನ್ ಆಗುತ್ತಾನೆ. ಜೋ ಅವನನ್ನು ನೋಡಲು ಬರುತ್ತಾನೆ, ಒಗ್ಗದ ಹೊಸ ಬಟ್ಟೆ ತೊಟ್ಟು. ಹ್ಯಾಟನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಒಲೆಗೂಡಿನ ಅಂಚಿನ ಮೇಲೆ ಇಡುತ್ತಾನೆ. ಅದು ಮತ್ತೆ ಮತ್ತೆ ಬೀಳುತ್ತದೆ, ಅವನು ಮತ್ತೆ ಮತ್ತೆ ಹಿಡಿಯುತ್ತಾನೆ. ಮಗನಂತೆ ಬೆಳೆಸಿದವನನ್ನು ಒಮ್ಮೆ ಹೆಸರಿಡಿದು, ಮರುಕ್ಷಣ 'ಸರ್' ಎಂದು ಕರೆಯುತ್ತಾನೆ. ಆ ಹ್ಯಾಟು ಬೀಳುವುದನ್ನು ಓದಿ ನಗು ಬರುತ್ತದೆ, ಎರಡನೆಯ ಸಲ ಓದಿದರೆ ನಗು ಬರುವುದಿಲ್ಲ. ನೀವಿಬ್ಬರೂ ಇನ್ನು ಲಂಡನ್ನಿನಲ್ಲಿ ಒಟ್ಟಿಗೆ ಕಾಣಬೇಕಾದವರಲ್ಲ ಎಂಬುದನ್ನು ಜೋ ತಾನೇ ಅರ್ಥ ಮಾಡಿಕೊಂಡು, ತಪ್ಪನ್ನು ತನ್ನ ಮೇಲೆ ಹಾಕಿಕೊಂಡು, ಊಟಕ್ಕೂ ನಿಲ್ಲದೆ ಹೋಗುತ್ತಾನೆ.

ಉಪಕಾರಿ ದೊಡ್ಡಮನೆಯ ಹೆಂಗಸೆಂದು ಪಿಪ್ ನಂಬಿದ್ದ. ನಿಜವಾಗಿ ಹಣ ಕಳಿಸುತ್ತಿದ್ದವನು ಮ್ಯಾಗ್ವಿಚ್ ಎಂಬ ಗಡೀಪಾರಾದ ಕೈದಿ. ಚಿಕ್ಕಂದಿನಲ್ಲಿ ಪಿಪ್ ಹೆದರಿ ಹೆದರಿ ಕದ್ದು ತಂದುಕೊಟ್ಟ ತಿನಿಸಿನ ಋಣಕ್ಕಾಗಿ ಆಸ್ಟ್ರೇಲಿಯಾದಲ್ಲಿ ಕುರಿ ಸಾಕಿ, ತಾನು ಒರಟು ಬದುಕು ಬದುಕಿ, ಇವನನ್ನು ನಯವಾಗಿ ಬದುಕಿಸಿದ್ದ. ಜಂಟಲ್‌ಮನ್ನನ ಮೃದುವಾದ ಕೈಯ ಹಿಂದೆ ಎಲ್ಲೋ ದೂರದಲ್ಲಿ ಒಂದು ಒರಟು ಕೈ ಇತ್ತು. ಇಡೀ ಇಂಗ್ಲೆಂಡಿನ ಕಥೆಯನ್ನು ಡಿಕನ್ಸ್ ಇಬ್ಬರ ನಡುವೆ ತಂದಿಟ್ಟ ರೀತಿ ಇದು.

ಡಿಕನ್ಸನಿಗೆ ಇದು ಹೇಗೆ ಗೊತ್ತಾಯಿತು? ಬೂಟ್ ಪಾಲಿಶ್ ಕಾರ್ಖಾನೆಯ ಮಾತು ಆಗಲೇ ಹೇಳಿದೆನಲ್ಲ. 1824ರಲ್ಲಿ ಅವನ ತಂದೆ ಸಾಲ ತೀರಿಸಲಾಗದೆ ಮಾರ್ಷಲ್‌ಸೀ ಜೈಲಿನಲ್ಲಿದ್ದಾಗಿನ ಸಂಗತಿ ಅದು. ಲೋಕವೇ ಓದುವ ಲೇಖಕನಾದ ಮೇಲೂ ಡಿಕನ್ಸ್ ಅದನ್ನು ಬಚ್ಚಿಟ್ಟ. ಆಪ್ತ ಗೆಳೆಯ ಫಾರ್‌ಸ್ಟರನಿಗೆ ಮಾತ್ರ ಬರೆದು ಕೊಟ್ಟಿದ್ದ. ಅವನು 1870ರಲ್ಲಿ ತೀರಿಕೊಂಡ ಮೇಲೆ, ಫಾರ್‌ಸ್ಟರ್ ಬರೆದ ಜೀವನಚರಿತ್ರೆಯಿಂದ ಓದುಗರಿಗೆ ಅದು ತಿಳಿಯಿತು. ಬಡ ಮಕ್ಕಳ ಪರವಾಗಿ ಅವನಷ್ಟು ಬರೆದವರು ಇಲ್ಲ. ಆದರೂ ಆ ಮಕ್ಕಳಲ್ಲಿ ನಾನೂ ಒಬ್ಬನಾಗಿದ್ದೆ ಎಂದು ಬಹಿರಂಗವಾಗಿ ಹೇಳಲು ಅವನಿಗೂ ನಾಲಗೆ ಏಳಲಿಲ್ಲ. ಬಡತನಕ್ಕಿಂತ ಬಡತನದ ನಾಚಿಕೆ ಎಷ್ಟು ದೀರ್ಘಾಯುಷಿ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಪಿಪ್‌ನ ಕಥೆಗೆ ಇನ್ನೊಂದು ಮುಖವಿದೆ, ಅದು ಥಾಮಸ್ ಹಾರ್ಡಿಯ 'ಜೂಡ್ ದಿ ಅಬ್‌ಸ್ಕ್ಯೂರ್'. 1895ರ ಪುಸ್ತಕ. ಜೂಡ್ ಕಲ್ಲುಕುಟಿಗ. ತಾನೇ ಲ್ಯಾಟಿನ್, ಗ್ರೀಕ್ ಕಲಿತು, ವಿಶ್ವವಿದ್ಯಾಲಯದ ಊರಿಗೆ ಬಂದು, ಅದೇ ಕಾಲೇಜುಗಳ ಗೋಡೆಯ ಕಲ್ಲು ರಿಪೇರಿ ಮಾಡುತ್ತ, ಒಳಗೆ ಸೇರಿಸಿಕೊಳ್ಳಿ ಎಂದು ಮುಖ್ಯಸ್ಥರಿಗೆ ಕಾಗದ ಬರೆಯುತ್ತಾನೆ. ಒಬ್ಬರಿಂದ ಮಾತ್ರ ಉತ್ತರ ಬರುತ್ತದೆ: ನಿನ್ನ ಕಸುಬಿನಲ್ಲೇ ಇದ್ದರೆ ನಿನಗೆ ಒಳ್ಳೆಯದು. ಅವತ್ತು ರಾತ್ರಿ ಅವನು ಜೇಬಿನ ಸೀಮೆಸುಣ್ಣದಿಂದ ಆ ಕಾಲೇಜಿನ ಗೋಡೆಯ ಮೇಲೆ, ನಾನೂ ನಿಮ್ಮಷ್ಟೇ ತಿಳಿವಳಿಕೆ ಉಳ್ಳವನು ಎಂಬ ಅರ್ಥದ ಬೈಬಲ್ಲಿನ ಮಾತೊಂದನ್ನು ಬರೆದು ಹೋಗುತ್ತಾನೆ. ಪಿಪ್‌ಗೆ ಬಾಗಿಲು ತೆರೆಯಿತು, ಮನೆ ದೂರವಾಯಿತು. ಜೂಡ್‌ಗೆ ಬಾಗಿಲೇ ತೆರೆಯಲಿಲ್ಲ. 1870ರ ಕಾಯಿದೆ ಮಗುವಿಗೆ ಅಕ್ಷರ ಕೊಟ್ಟಿತು, ಕಾಲೇಜಿನ ಬಾಗಿಲಿನ ಕೀಲಿ ಬೇರೆಯವರ ಕೈಯಲ್ಲೇ ಉಳಿಯಿತು. ಮೀಸಲಾತಿ, ವಿದ್ಯಾರ್ಥಿವೇತನ ಎಂದರೆ ಮೂಗು ಮುರಿಯುವ ನನ್ನ ಸಹೋದ್ಯೋಗಿಗಳಿಗೆ ನಾನು ಈ ಪುಸ್ತಕ ಕೊಡುತ್ತಿರುತ್ತೇನೆ. ಓದಿ ವಾಪಸ್ ಕೊಟ್ಟವರು ಇಬ್ಬರೇ.

ಪಿಪ್ ಕೊನೆಗೆ ಏನಾದ ಎಂದು ಮಕ್ಕಳು ಕೇಳಬಹುದು. ಹಣ ಹೋಗುತ್ತದೆ, ಸಾಲ ಮೈಮೇಲೆ ಬರುತ್ತದೆ, ಜ್ವರ ಹಿಡಿದು ಪ್ರಜ್ಞೆ ತಪ್ಪುತ್ತದೆ. ಎಚ್ಚರವಾದಾಗ ಪಕ್ಕದಲ್ಲಿ ಜೋ ಕೂತಿದ್ದಾನೆ. ಪಿಪ್ ಚೇತರಿಸಿಕೊಂಡಂತೆ ಜೋನ ಬಾಯಲ್ಲಿ ಮತ್ತೆ 'ಸರ್' ನುಸುಳುತ್ತದೆ. ಒಂದು ಬೆಳಿಗ್ಗೆ ಹೇಳದೆ ಊರಿಗೆ ಹೊರಟುಹೋಗಿರುತ್ತಾನೆ, ಪಿಪ್‌ನ ಸಾಲವನ್ನು ತನ್ನ ಕಮ್ಮಾರಸಾಲೆಯ ದುಡಿಮೆಯಿಂದ ಸದ್ದಿಲ್ಲದೆ ತೀರಿಸಿ. ಆ ಕಾಯಿಲೆಯ ಕೋಣೆಯಲ್ಲಿ ಒಂದು ದೃಶ್ಯವಿದೆ. ಪಿಪ್ ಹಾಸಿಗೆಯಲ್ಲಿ ಮಲಗಿ ನೋಡುತ್ತಿದ್ದಾನೆ, ಜೋ ಮೇಜಿನ ಮುಂದೆ ಕೂತು ಊರಿಗೆ ಕಾಗದ ಬರೆಯುತ್ತಿದ್ದಾನೆ. ಬಿಡ್ಡಿ ಎಂಬ ಹಳ್ಳಿಯ ಹುಡುಗಿ ಅವನಿಗೆ ಅಕ್ಷರ ಕಲಿಸಿದ್ದಾಳೆ. ಸುತ್ತಿಗೆ ಹಿಡಿಯುವವನಂತೆ ತೋಳು ಮಡಚಿ, ಲೇಖನಿಯನ್ನು ಹಾರೆಯಂತೆ ಹಿಡಿದು, ಮಸಿ ಚೆಲ್ಲುತ್ತ, ಬರೆದು ಮುಗಿಸಿ, ಎದ್ದು ನಿಂತು ಎಲ್ಲ ಕೋನಗಳಿಂದ ಅದನ್ನು ನೋಡಿ ಸಂತೋಷಪಡುತ್ತಾನೆ. ಬೆಂಗಳೂರಿನ ಕಾಲೇಜಿನಲ್ಲಿ ಈ ಹುಡುಗನ ಇಂಗ್ಲಿಷ್ ಕೇಳಿ ಯಾರಾದರೂ ನಕ್ಕ ದಿನ ಆ ಪುಟ ಓದಿ ಎಂದು ನನ್ನ ಅಣ್ಣನ ಮಗನಿಗೆ ಹೇಳಿ ಕಳಿಸಿದ್ದೇನೆ.

ನಾನು ಹೇಳಿದ ಆರು ಕಾದಂಬರಿಗಳನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ, ಡಿಸ್ರೇಲಿಯನ್ನು ಬಿಟ್ಟು. ಇವುಗಳ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಮೊಬೈಲಿನಲ್ಲಿ ಉಚಿತವಾಗಿಯೂ ಸಿಗುತ್ತವೆ. 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್'ನಿಂದ ಶುರುಮಾಡಿ, ಮೊದಲ ಅಧ್ಯಾಯದಲ್ಲೇ ಸ್ಮಶಾನದಲ್ಲಿ ಒಬ್ಬ ಕೈದಿ ಹಾರಿ ಬರುತ್ತಾನೆ, ಬೇಸರವಾಗುವುದಿಲ್ಲ. 'ನಾರ್ತ್ ಅಂಡ್ ಸೌತ್' ಮೊದಲ ಐವತ್ತು ಪುಟ ನಿಧಾನ, ತಾಳ್ಮೆ ಬೇಕು. 'ಜೂಡ್' ಮಾತ್ರ ಪಿಯುಸಿ ಮುಗಿದ ಮೇಲೆ ಓದಿ, ಬಹಳ ದುಃಖದ ಪುಸ್ತಕ. ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ. ದೀಪಾವಳಿಗೆ ಬಂದಾಗ ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಕೂತಿರುತ್ತೇನೆ.